ಮೂರನೇ ಡಿಸ್ಕು

...ಕೆಟ್ಟ ಎರಡನೇ ಡಿಸ್ಕು ಎಲ್ಲಿ, ಎರಡನೇದು ಎಲ್ಲಿ! ಎಷ್ಟು ಸಲ ಕೇಳ್ತೀಯಾ ತಾಯಿ? ಸತ್ತಿತ್ತು, ಬಿಸಾಕಿದೆ. ಎಂಟು ಡಿಸ್ಕಿನ ಪೆಟ್ಟಿಗೆ ಇದು. ಒಂದು ಸತ್ತರೆ ಮಿಕ್ಕ ಏಳು ಸಂಭಾಳಿಸ್ತವೆ. ಎರಡು ಹೋದವಾ, ಮುಗೀತು ಕಥೆ. ಇಷ್ಟು ತಿಳ್ಕೊಳ್ಳೋಕೆ ಸಾಸ್ಕಟೂನ್ ಪಟ್ಟಣದಿಂದ ಮೈನಸ್ ಮೂವತ್ತು ಡಿಗ್ರಿ ಚಳಿಯಲ್ಲಿ ಕಾರು ಓಡಿಸ್ಕೊಂಡು ಬಂದ್ಯಾ? ಕಾರಿನ ಇಂಜಿನ್ ಬೆಚ್ಚಗಿಡೋ ವೈರು ಗೋಡೆಯ ಪ್ಲಗ್ಗಿಗೆ ಚುಚ್ಚಿದ್ದೀಯಾ ತಾನೇ? ಇಲ್ಲಾಂದ್ರೆ ಸಂಜೆ ಇಂಜಿನ್ನೇ ಏಳಲ್ಲ.

ಡೇಟಾ ರಿಕವರಿ ತಜ್ಞೆ ಅಂತೆ! ಎಷ್ಟು ನಿನ್ನ ವಯಸ್ಸು, ಇಪ್ಪತ್ತಾರಾ? ನೋಡು ಜೋಸ್ಲಿನ್, ಈ ರೇಡಿಯೋ ಸ್ಟೇಷನ್ನಿನ ಕಂಪ್ಯೂಟರುಗಳನ್ನ ನಾನು, ಈ ಓರೆಸ್ಟ್, ಇಪ್ಪತ್ತೆರಡು ವರ್ಷದಿಂದ ಸಾಕಿದ್ದೀನಿ. ಅಜ್ಜಿಗೆ ಕೆಮ್ಮು ಕಲಿಸಬೇಡ... ಯಾಕೆ ನಗ್ತೀಯಾ? ನಕ್ಕಿಲ್ವಾ? ಸರಿ.

ಕಾರಣ ಬೇಕಾ? ವರ್ನಾ! ಹೊರಗೆ ಬಾಗಿಲ ಹತ್ರ ಕೂತಿದ್ದಾಳಲ್ಲ, ಅವಳೇ. ಹನ್ನೊಂದು ವರ್ಷದಿಂದ ಊರೂರು ತಿರುಗಿ ಇಲ್ಲಿನ ಮೂಲನಿವಾಸಿ ಕ್ರೀ ಜನದ ಮುದುಕರ ಮಾತೆಲ್ಲ ರೆಕಾರ್ಡ್ ಮಾಡಿ ಇದರಲ್ಲೇ ತುಂಬಿದ್ಲು. ಈಗ ಅವರಲ್ಲಿ ಅರ್ಧ ಜನ ಬದುಕಿಲ್ಲ. ಇನ್ನೊಂದು ಪ್ರತಿನಾ? ಇಲ್ಲ. ಹಾಗೆ ಮುಖ ಮಾಡಬೇಡ, ಕೇಳಿದ್ದೆ, ಮ್ಯಾನೇಜರ್ ಗಾರ್ತ್ ಅದಕ್ಕೆ ಬೇರೆ ಡಿಸ್ಕು ಕೊಡಿಸಲಿಲ್ಲ!

ಈ ಯಮ್ಮ ಕಾಲಿಗೆ ಚಳಿ ಅಂತ ಈ ರೂಮಿನ ಬಾಗಿಲಲ್ಲೇ ಹೀಟರ್ ಇಟ್ಕೊಂಡಿದ್ಲು. ಹೀಟರ್! ಡಿಸ್ಕುಗಳನ್ನ ಹುರಿದು ಮುಕ್ಕಿದ್ಲು ಮಹಾತಾಯಿ. ಗಾರ್ತ್‌ಗೆ ಬರೆದು ಕೊಟ್ಟಿದ್ದೀನಿ. ಮೂರು ಗಂಟೆಗೆ ಕರೆಸಿ ಕೆಲಸದಿಂದ ತೆಗೀತಾನೆ. ಪಾಪ ಅನ್ನಬೇಡ. ಮಾಡಿದ್ದುಣ್ಣೋ ಮಹರಾಯ ಅಷ್ಟೇ.

ಏನು ಓದ್ತಿದ್ದೀಯಾ ಅಷ್ಟು ಹೊತ್ತು? ಪೆಟ್ಟಿಗೆ ತಾನೇ ಬರೆದಿಡೋ ಲಾಗಾ? ಅದರಲ್ಲೇನಿದೆ ಮಣ್ಣು! ಮಂಗಳವಾರ ಒಂಬತ್ತು ಹತ್ತಕ್ಕೆ ಒಂದು ಕೆಟ್ಟಿತು. ಒಂಬತ್ತು ನಲವತ್ತಕ್ಕೆ ಇನ್ನೊಂದು. ಒಂದೇ ಕಾರ್ಖಾನೆ, ಒಂದೇ ವಾರ ಹುಟ್ಟಿದವು, ಜೊತೆಗೇ ಸಾಯ್ತವೆ... ಪರದೆ ಯಾಕೆ ನನ್ನ ಕಡೆ ತಿರುಗಿಸ್ತೀಯಾ? ನನಗೂ ಓದೋಕೆ ಬರುತ್ತೆ.

'ಕೆಟ್ಟಿದೆ' ಅಂತ ಒಂದೇ ಇದೆಯಾ? ಇನ್ನೊಂದಕ್ಕೆ 'ತೆಗೆಯಲಾಗಿದೆ' ಅಂತಿದೆ... ಇದ್ರೆ ಇರಲಿ! ಸತ್ತದ್ದನ್ನ ತೆಗೀದೆ ಪೂಜೆ ಮಾಡ್ಲಾ?

ಬೆರಳು ತೆಗಿ ಅಲ್ಲಿಂದ. ಹೌದು, ಡಿಸ್ಕುಗಳ ಮೇಲಿನ ಆ ನಂಬರ್ ಚೀಟಿಗಳನ್ನ ನಾನೇ ಅಂಟಿಸಿದ್ದು. ಒಂದರಿಂದ ಎಂಟು. ಏನೀಗ?

ಈಗ ಪರದೆ ಮೇಲಿನ ಸೊನ್ನೆ ತೋರಿಸ್ತೀಯಾ...

ಗೊತ್ತು ಕಣೇ! ಪೆಟ್ಟಿಗೆ ಸೊನ್ನೆಯಿಂದ ಎಣಿಸುತ್ತೆ, ಗೊತ್ತು! ಇಪ್ಪತ್ತೆರಡು ವರ್ಷ ಎಲ್ಲರಿಗೂ ನಾನೇ ಹೇಳಿಕೊಟ್ಟಿದ್ದು! ಡಿಸ್ಕ್ ಮೂರು ಕೆಟ್ಟಿದೆ ಅಂತ ಬಂತು. ಅಂದ್ರೆ ನನ್ನ ಚೀಟಿ ಪ್ರಕಾರ ನಾಲ್ಕು. ಒಂದು ಕೈಯಲ್ಲಿ ಕಾಫಿ ಇತ್ತು, ಇನ್ನೊಂದು ಕೈಯಲ್ಲಿ... ಚೀಟಿಯಲ್ಲಿ ಮೂರು ಅಂತ ಇದ್ದ, ಚೆನ್ನಾಗಿದ್ದ ಡಿಸ್ಕನ್ನೇ ಹಿಡಿದು ಎಳೆದೆ. ಎಲ್ಲ ದೀಪ ಕೆಂಪಾಯ್ತು. ವಾಪಸ್ ತಳ್ಳಿದೆ. ಇದು ಯಾರದೋ ಡಿಸ್ಕು, ಅಳಿಸಿ ಸೇರಿಸಿಕೊಳ್ಲಾ ಅಂತ ಪೆಟ್ಟಿಗೆ ಕೇಳಿತು. ಭಯ ಆಯ್ತು. ಮತ್ತೆ ಕಿತ್ತೆ.

ಆಮೇಲೆ ಆ ಹೀಟರ್ ಕಣ್ಣಿಗೆ ಬಿತ್ತು.

ಹಾಗೆ ನೋಡಬೇಡ. ಬೈದುಬಿಡು ಬೇಕಿದ್ರೆ.

ಮೇಜಿನ ಕೆಳಗಿನ ಡ್ರಾಯರ್. ಆ ಡಿಸ್ಕನ್ನ ನನ್ನ ಉಣ್ಣೆ ಟೋಪಿಯೊಳಗೆ ಸುತ್ತಿಟ್ಟಿದ್ದೀನಿ. ಬಿಸಾಕಿಲ್ಲ. ಬಿಸಾಕೋಕೆ ಹೋಗಿದ್ದೆ, ಕಸದ ಡಬ್ಬಿ ತನಕ... ಆಗಲಿಲ್ಲ. ಅದಕ್ಕೇನೂ ಆಗಿಲ್ಲ. ಅದೊಂದಿದ್ರೆ ಆ ಮುದುಕರೆಲ್ಲ ವಾಪಸ್ ಮಾತಾಡ್ತಾರೆ ಅಂತ ನನಗೂ ಗೊತ್ತು. ನಾಲ್ಕು ದಿನದಿಂದ ಗೊತ್ತು.

ಗಡಿಯಾರ ಯಾಕೆ ನೋಡ್ತೀಯಾ? ಮೂರಕ್ಕೆ ಹತ್ತು ನಿಮಿಷ ಇದೆ ಇನ್ನೂ. ಗಾರ್ತ್‌ಗೆ ನೀನೇ ಹೇಳಬಾರದಾ? ಏನೋ ತಾಂತ್ರಿಕ ದೋಷ ಅಂತ... ಜೋಸ್ಲಿನ್? ಒಂದು ಮಾತು...

ಹೇಳಲ್ಲ ನೀನು.

...ವರ್ನಾ! ಏ ವರ್ನಾ! ಕೋಟು ಆಮೇಲೆ ಹಾಕ್ಕೊಳ್ಳುವಿಯಂತೆ. ಗಾರ್ತ್ ಕರೆಯೋ ಮುಂಚೆ ನಾನೊಂದು ಹೇಳಬೇಕು, ಒಂದ್ನಿಮಿಷ ಒಳಗೆ ಬಾ.