ಡಿಟೆಕ್ಟರಿನ ಹೊಲಸು

...ಕೂಡ್ರಿ, ಪಂಢರೀನಾಥರಾವ್ ಸಾಹೇಬ್ರ, ಎಲ್ಲಿಗೆ ಎದ್ರಿ? ಶೆರೆ ಪರೀಕ್ಷಾ ಮಾಡೋ ಮಷೀನಿನ ಡಿಟೆಕ್ಟರ್ ಈಗ ಆರೇದ. ಬಿಸಿ ಇದ್ದಾಗ ಬಿಚ್ಚಬಾರ್ದು ಅಂತ ಕಲಿಸಿದವರು ನೀವೇ, ನಾ ಈ ಬಾಗಲಕೋಟಿ ಲ್ಯಾಬಿಗೆ ಹೊಸದಾಗಿ ಬಂದಾಗ.

ಹೊಲಸಾಗಿತ್ತು ಅಂತ ಬರದ್ರಲ್ಲ... ಕಮತಗಿಯೊಳಗ ಶೆರೆ ಕುಡದು ಮಾಳಪ್ಪ ಸತ್ತ, ನೀಲಪ್ಪ ಸತ್ತ. ಪೊಲೀಸರು ತಂದ ಬಾಟ್ಲಿಯೊಳಗ ಇದ್ದದ್ದು ವಾರ್ನಿಶಿಗೆ ಹಾಕೋ ಸ್ಪಿರಿಟ್. ಮಷೀನಿನ ಪೆನ್ನು ಕಾಗದದ ಮ್ಯಾಲ ಗುಡ್ಡದ್ಹಾಂಗ ಏರಿದ್ದು ನಾನೂ ನೋಡೀನಿ, ನೀವೂ ನೋಡೀರಿ. ಕೋರ್ಟಿಗೆ ಮಾತ್ರ ಏನು ಬರದ್ರಿ? ಡಿಟೆಕ್ಟರ್ ಹೊಲಸಿತ್ತು, ಆ ಗುಡ್ಡ ಹೊಲಸಿಂದು, ಶೆರೇದಲ್ಲ. ಬಾಟ್ಲಿಯೊಳಗ ಉಳಿದದ್ದನ್ನ ಮೋರಿಗೆ ಸುರುವಿದ್ರಿ. ಆ ಶೆರೆ ಮಾರಿದ ಅಂಗಡಿ ನಿಮ್ಮ ಬೀಗರದು. ನಿಮ್ಮ ಮಗಳು ಆ ಮನಿಯೊಳಗ ಬಾಳ್ವಿ ಮಾಡ್ತಾಳ. ಗೊತ್ತದ ನನಗ.

ಮಾಳಪ್ಪನ ಹೆಂಡ್ತಿ ರೇಣವ್ವ ನಮ್ಮ ಮನಿಗೆ ಬಂದಿದ್ಲು. ಅಳಲಿಲ್ಲ. "ಕುಮುದಿನಿ ಬಾಯಾರ, ಮಷೀನ್ ಹೊಲಸಾಗಿದ್ರ ತೊಳದು ಇನ್ನೊಮ್ಮೆ ನೋಡಬೇಕಿಲ್ರಿ?" ಅಂದ್ಲು.

ಅದಕ್ಕ ತೊಳೀಲಿಕ್ಕತ್ತೀನಿ, ನಿಮ್ಮ ಕಣ್ಣ ಮುಂದ. ಚಿಮಟದಿಂದ ಹಿಡದೀನಿ, ಬೆರಳಿನ ಜಿಡ್ಡು ಹತ್ತಬಾರ್ದು. ಉರಿ ಹೊರಡೋ ಜೆಟ್ಟಿನ ತೂತಿನ್ಯಾಗ ಕೂದಲೆಳಿಯಂಥಾ ತಂತಿ ಹಾಕಿದೆ... ಬಿಳೀ ಪುಡಿ. ಇಷ್ಟ. ಇಷ್ಟು ಪುಡಿಯೊಳಗ ಎರಡು ಹೆಣ ಮುಚ್ಚಿದ್ರಿ.

ಯಾಕ ನಗ್ತೀರಿ? ಬಾಟ್ಲಿನೇ ಇಲ್ಲ, ತೊಳದು ಏನು ಮಾಡ್ತಾಳ ಇಕಿ ಅಂತ ನಗ್ತೀರಿ. ನಗ್ರಿ.

ಅಸಿಟೋನಿನ್ಯಾಗ ತೊಳದೆ, ಒಣಗಿಸಿದೆ, ಕೂಡಿಸಿದೆ. ಹೈಡ್ರೋಜನ್ ಬಿಟ್ಟು ಉರಿ ಹಚ್ಚಿದೆ. ಟಪ್ ಅಂತು, ಕೇಳಿದ್ರಿ? ಈ ಉರಿ ಕಣ್ಣಿಗೆ ಕಾಣಂಗಿಲ್ಲ. ಕನ್ನಡಿ ಹಿಡಿದ್ರ ಮಂಜು ಕೂಡ್ತದ. ಕೂತದ ನೋಡ್ರಿ. ಮೊದಲ ಬರೇ ನೀರು ಹಾಕ್ತೀನಿ... ಗೆರಿ ನೆಟ್ಟಗ ಹೊಂಟದ. ಈಗ ಹೊಲಸಿಲ್ಲ, ಹೌದಲ್ರಿ?

ಇನ್ನ ಈ ಶೀಸೆಯೊಳಗಿಂದು. ಒಂದು ಹನಿ ಸಾಕು. ತಡೀರಿ...

ಏರಿತು. ಅದ ಜಾಗಾ, ಅದ ಗುಡ್ಡ.

ಈಗ ನಗು ಎಲ್ಲಿ ಹೋತು? ಶೀಸೆ ಎಲ್ಲಿಂದು ಅಂತ ಕೇಳವಲ್ರಿ. ವಕೀಲ ಕೇಳ್ತಾನ, ಇಕಿ ಅಲ್ಲಿ ಬಾಯಿ ಕಟ್ಟಿ ನಿಲ್ತಾಳ ಅಂತ ತಿಳದೀರಿ. ರೇಣವ್ವ ಕೊಟ್ಲು ಅನ್ನಬೇಕು ಅಂತಿದ್ದೆ... ಹಂಗ ನೋಡಬ್ಯಾಡ್ರಿ. ನಿಮಗ ಹೊಳದದ.

ಹೌದು. ನಮ್ಮನಿಯವರ ಕಣ್ಣು ಸಕ್ಕರಿ ಬ್ಯಾನಿಯಿಂದ ಹೋದು ಅಂತ ನಿಮಗೂ ಹೇಳೀನಿ, ನಮ್ಮತ್ತಿಯವರಿಗೂ ಹೇಳೀನಿ. ಸುಳ್ಳು. ಕಣ್ಣು ತಿಂದದ್ದು ಇದ ಸ್ಪಿರಿಟ್. ಕಮತಗಿ ಸಾಲಿಯೊಳಗ ಮಾಸ್ತರಿದ್ರಲ್ಲ, ಅವತ್ತ ಮಾಳಪ್ಪನ ಜೋಡಿ ಕೂತು ಕುಡದಾರ. ಕುಡದು ಉಳದದ್ದು, ಈ ಶೀಸೆಯೊಳಗ ಅವರ ಟ್ರಂಕಿನ್ಯಾಗ ಇತ್ತು. ನಮ್ಮದು ಆಚಾರ್ಯರ ಮನೆತನ, ನಾಕು ಮಂದಿಗೆ ಗೊತ್ತಾದ್ರ ಹೆಂಗ ಅಂತ... ಗೊತ್ತಾಗ್ಲಿ. ನಮ್ಮ ಮಾನ ಹೋಗ್ಲಿ, ನಿಮ್ಮದೂ ನಿಮ್ಮ ಬೀಗರದೂ ಅದರ ಕೂಡ ಹೋಗ್ಲಿ. ತಾರೀಖಿನ ದಿವಸ ಅವರ ಕೈ ಹಿಡದು ಹುನಗುಂದ ಕೋರ್ಟಿಗೆ ಕರ್ಕೊಂಡು ಬರ್ತೇನಿ. ಯಾವ ಅಂಗಡಿ ಅಂತ ಅವರೇ ಹೇಳ್ತಾರ.

ಕಟಕಟೆಯೊಳಗ ನಿಮ್ಮ ಮಾರಿ ಹೆಂಗಾತು ಅಂತ ಅವರಿಗೆ ಕಾಣಂಗಿಲ್ಲ. ನಾ ಮಗ್ಗಲಿಗೆ ನಿಂತು ಹೇಳ್ತೇನಿ.