ಕಣ್ಣಿಲ್ಲದ ದೇವಿಯ ಹಲಗೆ

ಹೂಂಗುಟ್ಟುವವರು ಮುಂದೆ ಬನ್ನಿ. ಅವರೆಕಾಯಿ ಸುಲಿಯುವವರು ಸುಲಿಯುತ್ತಲೇ ಕೇಳಿ. ಯಾವ ಸೀಮೆ, ಯಾವ ದೊರೆ ಎಂದು ಮಾತ್ರ ಕೇಳಬೇಡಿ. ನನ್ನ ತವರಿನ ಕಡೆ ಹೇಳುತ್ತಿದ್ದರು, ಇಷ್ಟು ದೂರ ಹೊತ್ತು ತಂದಿದ್ದೇನೆ. ಹೊರಟಿತು ನೋಡಿ ಕಥೆ!

ಒಂದು ಊರು. ಊರಲ್ಲೊಂದು ಚಿತ್ರಗಾರರ ಓಣಿ. ಓಣಿಯವರು ಹಲಗೆಯ ಮೇಲೆ ದೇವರ ಚಿತ್ರ ಬರೆಯುತ್ತಿದ್ದರು. ಹೇಗೆ ಬರೆಯುತ್ತಿದ್ದರು? ಹುಣಸೆಬೀಜದ ಅಂಟು ಕುದಿಸುವವರು ಹೆಂಗಸರು. ಬಣ್ಣ ಅರೆಯುವವರು ಹೆಂಗಸರು. ಸೀರೆ, ಸರ, ಕೈ, ಕಾಲು ತುಂಬುವವರೂ ಹೆಂಗಸರೇ. ಕೊನೆಗೆ ಗಂಡಸು ಬಂದು, ಕುಂಚ ಅದ್ದಿ, ಎರಡು ಕಣ್ಣು ಬರೆಯುತ್ತಿದ್ದ. ಅಲ್ಲಿಯ ಕಟ್ಟಳೆ ಹಾಗಿತ್ತು: ಕಣ್ಣು ಬರೆದವರದೇ ಚಿತ್ರ. ಕಣ್ಣು ಬರೆದ ಕೈಯಿಂದ ಕುಂಚ ಕಸಿಯುವಂತಿಲ್ಲ. ಹೆಂಗಸರು ಕಣ್ಣು ಬರೆಯಬಾರದು ಅಂತ ಯಾರಾದರೂ ಹೇಳಿದ್ದರೇ? ಯಾರೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ!

ಆ ಓಣಿಯ ಸಕ್ಕವ್ವನ ಗಂಡ ತೀರಿಕೊಂಡ. ಮಕ್ಕಳಿಲ್ಲ. ಮೈದುನ ವೀರಭದ್ರ ಮೂರನೆಯ ದಿನವೇ ಬಂದು ಅಣ್ಣನ ಕುಂಚದ ಪೆಟ್ಟಿಗೆಗೆ ಕೈ ಹಾಕಿದ. ಸಕ್ಕವ್ವ ಪೆಟ್ಟಿಗೆಯ ಮೇಲೇ ಕೂತಳು.

"ಏಳು ಅತ್ತಿಗೆ, ಕುಂಚ ಇಟ್ಟುಕೊಂಡು ನೀನೇನು ಮಾಡ್ತೀಯ?"

"ಬರೀತೀನಿ."

ಓಣಿಯ ಯಜಮಾನ ಮೋನಪ್ಪನ ಹತ್ತಿರ ನ್ಯಾಯ ಹೋಯಿತು. ಮೋನಪ್ಪ ಮೀಸೆಯಲ್ಲೇ ನಕ್ಕ. "ಆಯ್ತವ್ವ. ಹುಣ್ಣಿಮೆಯ ದಿನ ನೀನೇ ಬರೆದ ದೇವಿಯ ಚಿತ್ರ ತಾ. ನಾವು ಮೂರು ಹಿರಿಯರು ಮೆಚ್ಚಿದರೆ ಎಲ್ಲರೆದುರು ಅದರ ಕಣ್ಣು ಬರಿ. ಕುಂಚ ನಿನ್ನದು. ಮೆಚ್ಚದಿದ್ದರೆ ಪೆಟ್ಟಿಗೆ ವೀರಭದ್ರನದು."

ಸಕ್ಕವ್ವ ಕುಣಿಯುತ್ತಾ ಮನೆಗೆ ಬಂದಳು. ಬಂದು ನೋಡಿದರೆ? ಅಟ್ಟದ ಮೇಲೆ ಒಂದು ಹಲಗೆಯೂ ಇಲ್ಲ! ಅಷ್ಟನ್ನೂ ಮೈದುನ ಸಾಗಿಸಿದ್ದ. ಹಸಿ ಮರಕ್ಕೆ ಬಣ್ಣ ಹಿಡಿಯುವುದಿಲ್ಲ. ಮನೆಯೆಲ್ಲ ಹುಡುಕಿದಳು, ಹಿತ್ತಿಲೆಲ್ಲ ಹುಡುಕಿದಳು, ಕೊನೆಗೆ ದನದ ಕೊಟ್ಟಿಗೆಗೆ ಹೋದಳು. ಕರು ಹೊರಗೆ ಓಡದಂತೆ ಅಡ್ಡ ಇಟ್ಟ ಹಲಗೆಯೊಂದು ಅಲ್ಲಿತ್ತು. ಹೊಗೆ, ಸಗಣಿ, ಜೇಡರ ಬಲೆ. ಆದರೆ ಮರ ಮಾತ್ರ ಗಟ್ಟಿ!

ನೀರು ಹಾಕಿ ಉಜ್ಜಿದಳೇ? ಇಲ್ಲ. ಒಳಗೆ ಅಂಟಿನ ಬಣ್ಣವೇನಾದರೂ ಇದ್ದರೆ ನೀರಿಗೆ ಕರಗಿಹೋಗುತ್ತದಲ್ಲ, ಚಿತ್ರಗಾರರ ಮನೆ ಸೊಸೆಗೆ ಅಷ್ಟು ಗೊತ್ತಿಲ್ಲವೇ? ಗೋಧಿಹಿಟ್ಟು ಗಟ್ಟಿಯಾಗಿ ಕಲಸಿದಳು. ಉಂಡೆ ಮಾಡಿ ಒತ್ತಿದಳು, ತೆಗೆದಳು. ಒತ್ತಿದಳು, ತೆಗೆದಳು. ಒಂದು ಉಂಡೆ ಕಪ್ಪಾಯಿತು, ಮೂಲೆಯಲ್ಲಿ ಹಸಿರು ಸೆರಗು ಇಣುಕಿತು. ಎರಡನೆಯದು ಕಪ್ಪಾಯಿತು, ಗಿಳಿ ಹಿಡಿದ ಕೈ ಬಂತು. ಮೂರನೆಯದು ಕಪ್ಪಾಯಿತು, ಆಹಾ! ದೇವಿಯ ಮುಖವೇ ಬಂತು! ಅಂಥ ಗೆರೆಯನ್ನು ಸಕ್ಕವ್ವ ಹುಟ್ಟಿದಂದಿನಿಂದ ನೋಡಿರಲಿಲ್ಲ. ಆದರೆ ಆ ಮುಖದಲ್ಲಿ ಕಣ್ಣಿರಲಿಲ್ಲ.

ಈಗೇನು ಮಾಡಬೇಕು? ಹುಣ್ಣಿಮೆಗೆ ಮೂರೇ ದಿನ.

ವೀರಭದ್ರ ಬೇಲಿಯಾಚೆ ನಿಂತು ಹೇಳಿದ, "ಕೆರೆದು ಹಾಕು ಅತ್ತಿಗೆ. ಹಲಗೆ ಸಿಕ್ಕಿತಲ್ಲ, ಇನ್ನೇನು!" ಸಕ್ಕವ್ವ ಉಳಿ ಎತ್ತಿಕೊಂಡಳು. ಗಿಳಿಯ ಕೊಕ್ಕಿನವರೆಗೆ ತಂದಳು. ಉಳಿ ಕೆಳಗಿಟ್ಟಳು.

ಪೂಜಾರಿ ಬಂದು ಹೇಳಿದ, "ಮುಕ್ಕಾದ ದೇವರು ಮನೆಯಲ್ಲಿರಬಾರದು ತಾಯಿ. ಹೊಳೆಗೆ ಬಿಡು." ಹೊತ್ತುಕೊಂಡು ಹೊಳೆಯವರೆಗೆ ಹೋದಳು. ಹೋದ ದಾರಿಯಲ್ಲೇ ಹೊತ್ತುಕೊಂಡು ಬಂದಳು.

ಪಕ್ಕದ ಮನೆಯ ಗಂಗಿ ಕಿವಿಯಲ್ಲಿ ಹೇಳಿದಳು, "ಅಯ್ಯೋ ಹುಚ್ಚಿ! ಸುಮ್ಮನೆ ಎರಡು ಕಣ್ಣು ಬರಿ. ಕಟ್ಟಳೆ ಪ್ರಕಾರ ನಿನ್ನದೇ ಆಯ್ತು. ಯಾರು ಕೇಳ್ತಾರೆ?"

ಕೇಳಿ, ಇದು ಸುಲಭದ ಮಾತಲ್ಲ. ಸುಳ್ಳೂ ಅಲ್ಲ, ಕಳ್ಳತನವೂ ಅಲ್ಲ, ಕಟ್ಟಳೆ! ಸಕ್ಕವ್ವ ಕುಂಚ ಅದ್ದಿದಳು. ಆ ಬೋಳು ಮುಖ ನೋಡಿದಳು. 'ಇಷ್ಟೆಲ್ಲ ಬರೆದವರು ಇಲ್ಲೇ ಯಾಕೆ ನಿಂತರು?' ಅನ್ನಿಸಿತು. ಕುಂಚ ತೊಳೆದಿಟ್ಟಳು. "ಹೋದರೆ ಪೆಟ್ಟಿಗೆ ಹೋಗಲಿ. ಇದನ್ನು ಹೀಗೇ ಒಯ್ತೀನಿ."

ಹುಣ್ಣಿಮೆಯ ಬೆಳಿಗ್ಗೆ ಓಣಿಗೆ ಓಣಿಯೇ ಚಾವಡಿಯಲ್ಲಿ ಸೇರಿತು. ಸಕ್ಕವ್ವ ಕುಂಚದ ಪೆಟ್ಟಿಗೆ ಪಕ್ಕಕ್ಕಿಟ್ಟು, ಹಲಗೆಯ ಮೇಲಿನ ಬಟ್ಟೆ ಸರಿಸಿದಳು. ಜನ ಕತ್ತು ಚಾಚಿದರು.

"ಇದು ನಾನು ಬರೆದದ್ದಲ್ಲ," ಅಂದಳು. "ಕೊಟ್ಟಿಗೆಯಲ್ಲಿ ಸಿಕ್ಕಿತು. ಇದು ಯಾರ ಕೈ, ಹಿರಿಯರೇ ಹೇಳಬೇಕು."

"ಹಾಗಾದರೆ ಪೆಟ್ಟಿಗೆ ನನ್ನದು!" ವೀರಭದ್ರ ಎದ್ದ.

"ಕೂತ್ಕೊಳ್ಳೋ ನೀನು!" ಮೋನಪ್ಪ ಗದರಿದ. ಅವನ ಕಣ್ಣು ಚಿತ್ರಕ್ಕೆ ಅಂಟಿತ್ತು. ಒಬ್ಬ ಹಿರಿಯ ಅಂದ, "ಈ ಮೂಗಿನ ಗೆರೆ ನಮ್ಮ ಮುತ್ತಜ್ಜನದು!" ಇನ್ನೊಬ್ಬ ಅಂದ, "ಹೋಗಯ್ಯಾ! ಈ ಗಿಳಿ ನಮ್ಮಜ್ಜನದು!" ಮೋನಪ್ಪ ಎದ್ದೇ ನಿಂತ. "ಇಂಥ ಸೆರಗು ಬರೆದವರು ಈ ಓಣಿಯಲ್ಲಿ ಒಬ್ಬರೇ, ನನ್ನಜ್ಜ! ಇದಕ್ಕಿಂತ ಮೇಲಾದ ಚಿತ್ರ ಇಲ್ಲಿ ಹುಟ್ಟಿಲ್ಲ!"

ಮೂವರೂ ತೋಳು ಏರಿಸಿದರು. ಸಕ್ಕವ್ವ ಕೇಳಿದಳು, "ಅಜ್ಜಂದಿರು ಬರೆದಿದ್ದರೆ ಕಣ್ಣು ಯಾಕೆ ಬಿಟ್ಟರು? ಈ ಓಣಿಯಲ್ಲಿ ಎಲ್ಲ ಬರೆದು, ಕಣ್ಣಿನ ಹತ್ತಿರ ನಿಲ್ಲುವವರು ಯಾರು?"



ಹಿಂದಿನಿಂದ ಒಬ್ಬಳು ಮುದುಕಿ ನಕ್ಕಳು. ಯಾರು? ಮೋನಪ್ಪನ ತಾಯಿ ಕಲ್ಲವ್ವಜ್ಜಿ! "ನಿಮ್ಮಜ್ಜನದಲ್ಲವೋ ಮಗನೇ, ನಿಮ್ಮಜ್ಜಿಯದು! ಮದುವೆಯಾಗಿ ಬಂದ ಹೊಸದರಲ್ಲಿ ಆ ಹಸಿರು ಅರೆದುಕೊಟ್ಟವಳು ನಾನು. ನಿಮ್ಮಜ್ಜ ಕಣ್ಣು ಬರೆಯೋಕೆ ಬಂದಾಗಲೆಲ್ಲ ನಮ್ಮತ್ತೆ, 'ಇನ್ನೂ ಒಣಗಿಲ್ಲ' ಅನ್ನೋಳು. ಸಾಯೋವರೆಗೂ ಅದು ಒಣಗಲೇ ಇಲ್ಲ! ಆಮೇಲೆ ಯಾವ ಗಂಡಸೂ ಕಣ್ಣು ಬರೆಯದಿರಲಿ ಅಂತ ನಾನೇ ಸಕ್ಕವ್ವನ ಅತ್ತೆ ಕೈಗೆ ಕೊಟ್ಟು ಕೊಟ್ಟಿಗೆಯಲ್ಲಿ ಬಚ್ಚಿಡಿಸಿದೆ."

ಹೆಂಗಸರು ಹೋ ಎಂದು ನಕ್ಕರು. ಮೋನಪ್ಪ ಕೆಮ್ಮಿದ. "ಹಾಗಿದ್ದರೂ ನಮ್ಮ ಮನೆಯದೇ ಆಯ್ತಲ್ಲ. ಕುಂಚ ತಾ ಇಲ್ಲಿ, ಕಣ್ಣು ನಾನೇ ಬರೀತೀನಿ."

ಸಕ್ಕವ್ವ ತಟ್ಟನೆ ಅಂದಳು, "ಇನ್ನೂ ಒಣಗಿಲ್ಲ, ಯಜಮಾನರೇ!"

ಅಂದವಳೇ ಕುಂಚವನ್ನು ಕಲ್ಲವ್ವಜ್ಜಿಯ ಕೈಗಿಟ್ಟಳು. ಅಜ್ಜಿ ಒಂದು ಕಣ್ಣು ಬರೆದಳು. ಸಕ್ಕವ್ವ ಇನ್ನೊಂದು ಬರೆದಳು. ಆಮೇಲೆ ಕುಂಚ ಗಂಗಿಗೆ ಹೋಯಿತು: ಒಂದು ರೆಪ್ಪೆಗೂದಲು. ಗಂಗಿಯಿಂದ ಅವಳ ಅತ್ತೆಗೆ: ಒಂದು ರೆಪ್ಪೆಗೂದಲು. ವೀರಭದ್ರ "ಬೇಡ, ಬೇಡ" ಅನ್ನುತ್ತಿದ್ದಂತೆಯೇ ಅವನ ಹೆಂಡತಿಯೂ ಒಂದೆಳೆದಳು! ಓಣಿಯ ಒಬ್ಬ ಹೆಂಗಸೂ ಉಳಿಯಲಿಲ್ಲ. ದೇವಿ ಕಣ್ಣರಳಿಸಿ ಓಣಿಯನ್ನೇ ನೋಡಿದಳು.

ಈಗ ಚಿತ್ರ ಯಾರದು? ಎಲ್ಲರೂ ಕಣ್ಣು ಬರೆದ ಮೇಲೆ ನನ್ನೊಬ್ಬಳದು ಅನ್ನುವವರು ಯಾರು? ಅದು ಬರೆದವಳಿಗೇ, ಮೋನಪ್ಪನ ಅಜ್ಜಿಗೇ ಉಳಿಯಿತು. ಕುಂಚ ಯಾರದು? ಕಣ್ಣು ಬರೆದ ಕೈಯಿಂದ ಕಸಿಯುವಂತಿಲ್ಲವಲ್ಲ! ಮೋನಪ್ಪ ಬಾಯಿ ತೆರೆದ, ತಾಯಿಯ ಮುಖ ನೋಡಿದ, ಬಾಯಿ ಮುಚ್ಚಿದ. ಸಕ್ಕವ್ವ ಪೆಟ್ಟಿಗೆ ಎತ್ತಿಕೊಂಡು ಮನೆಗೆ ನಡೆದಳು.

ಮರುದಿನ ವೀರಭದ್ರ ಜಗಲಿಯಲ್ಲಿ ಕೂತು ಕೂಗಿದ, "ಏ ಇವಳೇ, ಬಣ್ಣ ಅರೆದಾಯ್ತಾ?"

ಒಳಗಿನಿಂದ ಉತ್ತರ ಬಂತು, "ನೀವೇ ಅರೆದುಕೊಳ್ಳಿ. ನಾನು ಕಣ್ಣು ಬರೀತಾ ಇದ್ದೀನಿ."

ಅವರು ಅಲ್ಲಿ ಬರೆಯುತ್ತಿರಲಿ, ನಾವು ಇಲ್ಲಿ ನಗುತ್ತಿರೋಣ. ಕಥೆ ಮನೆ ಸೇರಿತು, ಏಳಿ, ಕಾಲು ಜೋಮು ಹಿಡಿದಿರುತ್ತದೆ.