ಕಟ್ಟಿಹಾಕಿದ್ದು ನನ್ನ ಒಪ್ಪಿಗೆಯಿಂದಲೇ

ಹೇಳಿಕೆ ಕೊಡುತ್ತಿರುವವರು: ಗಡಿಯಾರದ ವೃತ್ತದ ಬಳಿಯ ಔಷಧ ಅಂಗಡಿಯವರು, ಊರಿನವರ ಬಾಯಲ್ಲಿ ‘ಮಾತ್ರೆಯಣ್ಣ’. ವಯಸ್ಸು 56 ವರ್ಷ. ಉದ್ಯೋಗ: ನೋಂದಾಯಿತ ಫಾರ್ಮಸಿಸ್ಟ್, ಇಪ್ಪತ್ತೊಂಬತ್ತು ವರ್ಷಗಳಿಂದ. ವಾಸ: ಅದೇ ಅಂಗಡಿಯ ಮೇಲಿನ ಮಹಡಿ.

ನಾನು ಠಾಣೆಗೆ ಖುದ್ದಾಗಿ ಬಂದು ತಿಳಿಸುವುದೇನೆಂದರೆ, ನಿನ್ನೆ ಬುಧವಾರ ಮಧ್ಯಾಹ್ನ ನನ್ನ ಅಂಗಡಿಯಲ್ಲಿ ದರೋಡೆ ನಡೆದಿಲ್ಲ. ನನ್ನನ್ನು ಕುರ್ಚಿಗೆ ಕಟ್ಟಿಹಾಕಿದ್ದು ನಿಜ. ಕಟ್ಟಿದವರು ಎಪ್ಪತ್ತನಾಲ್ಕು ವರ್ಷದ ನಿವೃತ್ತ ಲೆಕ್ಕದ ಟೀಚರಮ್ಮ ಎಂಬುದೂ ನಿಜ. ಆದರೂ ದರೋಡೆ ನಡೆದಿಲ್ಲ. ಅದು ಹೇಗೆಂದು ಸಬ್‌ಇನ್ಸ್‌ಪೆಕ್ಟರ್ ಮೇಡಂ ಮೂರು ಸಲ ಕೇಳಿದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಗರ್ಭ ನಿಲ್ಲದಂತೆ ಎಪ್ಪತ್ತೆರಡು ಗಂಟೆಯೊಳಗೆ ನುಂಗುವ ಒಂದು ಮಾತ್ರೆ ಇದೆ. ಗಿರಾಕಿಗಳು ಅದರ ಹೆಸರು ಹೇಳುವುದಿಲ್ಲ, ‘ಅದು’ ಎನ್ನುತ್ತಾರೆ. ಆರು ವರ್ಷಗಳ ಹಿಂದೆ ಪ್ರಾರ್ಥನಾ ಮಂದಿರದಲ್ಲಿ ಗುರುಗಳ ಉಪದೇಶ ಕೇಳಿ, ಬರಲಿರುವ ಜೀವವನ್ನು ಹೊಸ್ತಿಲಲ್ಲೇ ತಡೆಯುವ ಆ ಮಾತ್ರೆಯನ್ನು ನನ್ನ ಕೈಯಿಂದ ಕೊಡುವುದಿಲ್ಲ ಎಂದು ಹರಕೆ ಹೊತ್ತೆ. ನಮಗೆ ಮಕ್ಕಳಿಲ್ಲ. ಹತ್ತೊಂಬತ್ತು ವರ್ಷ ಕಾದೆವು. ಈ ವಿಷಯ ಕೇಸಿಗೆ ಸಂಬಂಧಿಸಿದ್ದಲ್ಲ, ಬೇಕಾದರೆ ಹೊಡೆದುಹಾಕಬಹುದು.

ನನ್ನ ಹೆಂಡತಿಯೂ ಫಾರ್ಮಸಿಸ್ಟ್. ಅವಳಿಗೆ ಹರಕೆ ಇಲ್ಲ. ಆದ್ದರಿಂದ ಆ ಮಾತ್ರೆ ಅವಳ ಬೀರುವಿನಲ್ಲಿರುತ್ತದೆ. ಯಾರಾದರೂ ‘ಅದು’ ಕೇಳಿದರೆ ನಾನು ಗಂಟೆ ಬಾರಿಸುತ್ತೇನೆ, ಅವಳು ಮಹಡಿಯಿಂದ ಇಳಿದು ಬರುತ್ತಾಳೆ, ವ್ಯವಹಾರ ಮುಗಿಯುವವರೆಗೂ ನಾನು ಕೆಮ್ಮಿನ ಸಿರಪ್ಪುಗಳ ಕಡೆ ಮುಖ ಮಾಡಿ ನಿಲ್ಲುತ್ತೇನೆ. ಆರು ವರ್ಷದಲ್ಲಿ ಹದಿನಾಲ್ಕು ಬಗೆಯ ಸಿರಪ್ಪುಗಳ ಲೇಬಲ್ ನನಗೆ ಬಾಯಿಪಾಠವಾಗಿದೆ. ಈ ಏರ್ಪಾಡಿನಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಮಂಗಳವಾರ ಹೆಂಡತಿ ತನ್ನ ಅಕ್ಕನ ಮಂಡಿ ಆಪರೇಷನ್ ಎಂದು ಹೊರಟಳು. ಗುರುವಾರದವರೆಗೆ ಬರುವುದಿಲ್ಲವೆಂದು ಹೇಳಿ, ಅಷ್ಟರಲ್ಲಿ ಯಾರಾದರೂ ‘ಅದು’ ಕೇಳಿದರೆ ಏನು ಮಾಡುತ್ತೀರಿ ಎಂದು ಕೇಳಿದಳು. ಯಾರೂ ಕೇಳದಿರಲಿ ಎಂದು ಪ್ರಾರ್ಥಿಸುತ್ತೇನೆ ಎಂದೆ. ಅವಳು ಬೀರುವಿನ ಬೀಗದ ಕೈಯನ್ನು ನನ್ನ ಅಂಗಿಯ ಜೇಬಿಗೆ ಹಾಕಿ ಹೋದಳು.

ಬುಧವಾರ ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ಟೀಚರಮ್ಮ ಟ್ಯಾಕ್ಸಿಯಲ್ಲಿ ಬಂದರು. ಇವರು ಏಳನೆಯ ತರಗತಿಯಲ್ಲಿ ನನಗೆ ಲೆಕ್ಕ ಕಲಿಸಿದವರು. ಪ್ರಾರ್ಥನಾ ಮಂದಿರದಲ್ಲಿ ನನ್ನ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಅವರು ಡಾಕ್ಟರ ಚೀಟಿಯನ್ನು ಕೌಂಟರಿನ ಮೇಲಿಟ್ಟರು. ಚೀಟಿಯಲ್ಲಿ ‘ಅದು’ ಇತ್ತು.

ಅವರ ಸೊಸೆಗೆ ಐದು ತಿಂಗಳ ಹಿಂದೆ ಹೃದಯದ ಆಪರೇಷನ್ ಆಗಿದೆ. ಎರಡು ವರ್ಷದೊಳಗೆ ಬಸಿರಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದಾರೆ. ಭಾನುವಾರ ರಾತ್ರಿ ಹತ್ತು ಗಂಟೆಗೆ ಮುನ್ನೆಚ್ಚರಿಕೆ ತಪ್ಪಿದೆ. ಗಂಡ ಹೆಂಡತಿ ಎರಡು ದಿನ ಯಾರಿಗೂ ಹೇಳದೆ ಅಳುತ್ತಾ ಕೂತಿದ್ದಾರೆ. ನೀವೇ ಏಕೆ ಬಂದಿರಿ ಎಂದು ಕೇಳಿದ್ದಕ್ಕೆ, “ಮಗನಿಗೆ ನಾಚಿಕೆಯಂತೆ. ನಂಗೆ ಈ ವಯಸ್ಸಲ್ಲಿ ನಾಚ್ಕೊಂಡು ಆಗ್ಬೇಕಾಗಿರೋದು ಏನೂ ಇಲ್ಲ, ಕೊಡು” ಎಂದರು.

ನಾನು ಹರಕೆಯ ವಿಷಯ ಹೇಳಿದೆ. ಹೆಂಡತಿ ಊರಲ್ಲಿಲ್ಲ ಎಂದೂ ಹೇಳಿದೆ. ಊರಿನ ಇನ್ನೊಂದು ಔಷಧ ಅಂಗಡಿಗೆ ಬುಧವಾರ ರಜೆ. ಅದು ಬಿಟ್ಟರೆ ನಲವತ್ತೊಂದು ಕಿಲೋಮೀಟರ್, ದಾರಿಯಲ್ಲಿ ಸೇತುವೆ ದುರಸ್ತಿ. ಗಂಟೆ ಕಳೆದಷ್ಟೂ ಮಾತ್ರೆಯ ಬಲ ಕಡಿಮೆಯಾಗುತ್ತದೆ ಎಂಬುದು ನನಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ನನ್ನ ಕೈ ಮುಂದೆ ಹೋಗಲಿಲ್ಲ.

ಟೀಚರಮ್ಮ ಸಿಟ್ಟಾಗಲಿಲ್ಲ. ಸ್ಟೂಲಿನ ಮೇಲೆ ಕೂತು ಪ್ರಶ್ನೆ ಕೇಳತೊಡಗಿದರು. “ನೀನು ಕೊಡೋದು ತಪ್ಪು, ಅಲ್ವಾ?” ಹೌದು ಎಂದೆ. “ನಾನು ತಗೊಳ್ಳೋದನ್ನ ನೋಡ್ಕೊಂಡು ಸುಮ್ನಿರೋದು?” ಅದೂ ತಪ್ಪು ಎಂದೆ. “ತಡಿಯೋಕೆ ಕೈಲಾಗ್ದೇ ಇದ್ರೆ?” ನಾನು ಬಹಳ ಯೋಚಿಸಿದೆ. ಕೈಲಾಗದವನ ಮೇಲೆ ದೋಷವಿಲ್ಲ ಎಂದು ಗುರುಗಳೇ ಒಮ್ಮೆ ಹೇಳಿದ್ದರು. ಹಾಗೇ ಹೇಳಿದೆ. “ಸರಿ ಹಾಗಾದ್ರೆ, ನಿನ್ನ ಕಟ್ಟಿಹಾಕ್ತೀನಿ. ಹಗ್ಗ ಎಲ್ಲಿದೆ?” ಎಂದು ಎದ್ದರು.

ಅಂಗಡಿಯಲ್ಲಿ ಹಗ್ಗವಿರಲಿಲ್ಲ. ಅವರು ಉಳುಕಿಗೆ ಸುತ್ತುವ ಬ್ಯಾಂಡೇಜು ತೆಗೆದರು. ಅದು ಎಳೆದರೆ ಹಿಗ್ಗುತ್ತದೆ, ಪ್ರಯೋಜನವಿಲ್ಲ ಎಂದು ನಾನೇ ಹೇಳಿ, ಆರು ಇಂಚಿನ ಬಟ್ಟೆಯ ಬ್ಯಾಂಡೇಜು ಎರಡು ಸುರುಳಿ ತೆಗೆದುಕೊಟ್ಟು ಕುರ್ಚಿಯಲ್ಲಿ ಕೂತೆ. ಅವರ ಬೆರಳಿಗೆ ಸಂಧಿವಾತ, ಗಂಟು ಸಡಿಲವಾಯಿತು. ಸಡಿಲ ಗಂಟು ದೇವರ ಕಣ್ಣಿಗೆ ಮಣ್ಣೆರಚಿದಂತೆ ಎನಿಸಿ, ಇನ್ನೂ ಸ್ವಲ್ಪ ಬಿಗಿಯಾಗಿ ಕಟ್ಟಿ ಟೀಚರ್ ಎಂದೆ. ಅವರು ನನ್ನ ತೋಳಿಗೆ ಮಂಡಿ ಊರಿ ಎಳೆದರು. ಆಗ ಸಮಯ 2 ಗಂಟೆ 15 ನಿಮಿಷ.

ನನ್ನ ಜೇಬಿನಿಂದ ಬೀಗದ ಕೈ ತೆಗೆದು ಅವರು ಬೀರು ತೆರೆದರು. ನಾನು ಕಣ್ಣು ಮುಚ್ಚಿಕೊಂಡೆ. ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದ ಅವರು ಡಬ್ಬಿಗಳ ಹೆಸರನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದುತ್ತಿದ್ದರು. ಮೊದಲು ಸುಣ್ಣದಂಶದ ಮಾತ್ರೆ, ಆಮೇಲೆ ಥೈರಾಯ್ಡಿನದು. ಕೊನೆಗೆ, ಸಿಕ್ಕಿತು ಎಂದು ಹೊರಟರು. ಕಣ್ಣು ಬಿಟ್ಟು ನೋಡಿದೆ. ಅದೇ ಗುಲಾಬಿ ಬಣ್ಣದ ಡಬ್ಬಿ, ಆದರೆ ಬೇರೆ ಹಾರ್ಮೋನಿನದು. ಹೃದಯದ ರೋಗಿಗೆ ಕೊಡಲೇಬಾರದ್ದು. ಅವರು ಬಾಗಿಲಿನಿಂದ ನಾಲ್ಕು ಅಡಿ ದೂರದಲ್ಲಿದ್ದರು.

“ಅದಲ್ಲ ಟೀಚರ್! ಅದರ ಪಕ್ಕದ್ದು!” ಎಂದು ಕೂಗಿದೆ. ಕೈ ಕಟ್ಟಿತ್ತು, ಬಾಯಿ ಕಟ್ಟಿರಲಿಲ್ಲ. ಈ ಮಾತನ್ನು ಹೇಳಿಕೆಯಲ್ಲಿ ಸೇರಿಸಲೇಬೇಕೆಂದು ಕೋರುತ್ತೇನೆ.

ಅವರು ಡಬ್ಬಿ ಬದಲಾಯಿಸಿದರು. ನಿನಗೆ ಒಳ್ಳೆಯದಾಗಲಿ ಎಂದು ನನ್ನ ತಲೆ ಸವರಿ 2:30ಕ್ಕೆ ಟ್ಯಾಕ್ಸಿ ಹತ್ತಿದರು. ಬಿಚ್ಚುವುದನ್ನು ಮರೆತರು.

ಆನಂತರ 2:40ಕ್ಕೆ ಜ್ವರ ಬಂದ ಮಗುವನ್ನೆತ್ತಿಕೊಂಡು ಒಬ್ಬ ತಾಯಿ ಬಂದರು. ಸಿರಪ್ಪು ಯಾವ ಕಪಾಟಿನಲ್ಲಿದೆ, ಎಷ್ಟು ಕೊಡಬೇಕು ಎಂದು ಕುರ್ಚಿಯಿಂದಲೇ ಹೇಳಿದೆ. ನನಗೆ ಬೆನ್ನು ಹಿಡಿದಿದೆ ಎಂದುಕೊಂಡು, ಬಿಸಿನೀರಿನ ಶಾಖ ಕೊಡಿ ಎಂದು ಹೇಳಿ ಹೋದರು. 3:10ಕ್ಕೆ ಎದುರುಗಡೆಯ ಕ್ಷೌರಿಕ ಇಣುಕಿ, ಇದೇನಣ್ಣ ಎಂದು ಕೇಳಿದ. ಆತ್ಮಸಾಕ್ಷಿಯ ವಿಷಯ ಎಂದೆ. ಹಾಗಿದ್ದರೆ ನಾನು ನಡುವೆ ಬರುವುದಿಲ್ಲ ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋದ.

3:50ಕ್ಕೆ ಎದೆಯುರಿಯ ಮಾತ್ರೆಗೆಂದು ಬಂದ ಕಾನ್‌ಸ್ಟೇಬಲ್ ನನ್ನನ್ನು ನೋಡಿದ ತಕ್ಷಣ ಶೀಟಿ ಊದಿದರು. ದರೋಡೆಯಲ್ಲ ಎಂದರೆ, ಹೆದರಿದವರು ಹೀಗೇ ಹೇಳುತ್ತಾರೆ ಎಂದರು. ಯಾರು ಕಟ್ಟಿದ್ದು ಎಂದು ಕೇಳಿದರು. ಸುಳ್ಳು ಹೇಳುವ ಅಭ್ಯಾಸವಿಲ್ಲದ ಕಾರಣ ಟೀಚರಮ್ಮ ಎಂದೆ. ಬಿಚ್ಚಿ ಎಂದು ಕೇಳಿಕೊಂಡೆ. ಗಂಟು ಸಾಕ್ಷ್ಯ, ಫೋಟೋ ಆಗುವವರೆಗೆ ಮುಟ್ಟುವಂತಿಲ್ಲ ಎಂದರು. ಫೋಟೋ ಆಗಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಅಷ್ಟರಲ್ಲಿ ಮೂಗು ತುರಿಸುತ್ತಿತ್ತು. ಆಮೇಲೆ ಗಂಟು ಬಿಚ್ಚಿ, ಅಂಗಡಿಗೆ ಬೀಗ ಹಾಕಿ, ಅರಗಿನ ಮುದ್ರೆ ಒತ್ತಿ, ನನ್ನನ್ನೂ ಕುರ್ಚಿಯನ್ನೂ ಠಾಣೆಗೆ ತಂದರು.

5:05ಕ್ಕೆ ಟೀಚರಮ್ಮನನ್ನು ಜೀಪಿನಲ್ಲಿ ಕರೆತಂದರು. ಅವರು ನನ್ನ ಪಕ್ಕ ಬೆಂಚಿನಲ್ಲಿ ಕೂತು, “ಬಿಚ್ಚೋದು ಮರ್ತೇ ಹೋಯ್ತು ಕಣೋ. ಕೈ ನೋವಾಯ್ತಾ?” ಎಂದು ನನ್ನ ಮಣಿಕಟ್ಟು ಉಜ್ಜಿದರು. ಸೊಸೆ ಮೂರು ಗಂಟೆಗೆ ಮಾತ್ರೆ ನುಂಗಿದಳು ಎಂದೂ ಹೇಳಿದರು. ನನ್ನ ಎದೆ ಹಗುರಾಯಿತು. ಯಾಕೆ ಹಗುರಾಯಿತು ಎಂದು ನನಗೇ ಮುಜುಗರವಾಯಿತು.

ಆಗ ಮೇಡಂ, ಕಟ್ಟಿದ್ದು ಬಲವಂತದಿಂದಲೋ ಒಪ್ಪಿಗೆಯಿಂದಲೋ, ಒಂದೇ ಮಾತಲ್ಲಿ ಹೇಳಿ ಎಂದರು. ಬಲವಂತ ಎಂದರೆ ನನ್ನ ಹರಕೆ ಉಳಿಯುತ್ತದೆ, ಟೀಚರಮ್ಮ ಒಳಗೆ ಹೋಗುತ್ತಾರೆ. ಒಪ್ಪಿಗೆ ಎಂದರೆ ಅವರು ಮನೆಗೆ ಹೋಗುತ್ತಾರೆ, ಹರಕೆ ಹೋಗುತ್ತದೆ. ಎರಡರ ನಡುವಿನ ಪದ ಇದೆಯೇ ಎಂದು ಕೇಳಿದೆ. ಫಾರಂನಲ್ಲಿ ಇಲ್ಲ ಎಂದರು. ಐದು ನಿಮಿಷ ಕೇಳಿ ಹೊರಗೆ ಹೋದೆ. ಮರಳಿ ಬಂದು, ಬ್ಯಾಂಡೇಜು ಆರಿಸಿಕೊಟ್ಟವನೇ ನಾನು, ಒಪ್ಪಿಗೆ ಎಂದೇ ಬರೆದುಕೊಳ್ಳಿ ಎಂದೆ.

ಮೇಡಂ ಅದನ್ನು ಬರೆಸುತ್ತಿರುವಾಗಲೇ, 5:20ಕ್ಕೆ, ಟೀಚರಮ್ಮನಿಗೆ ಮಗನ ಫೋನು ಬಂತು. ಸೊಸೆಗೆ 4:50ಕ್ಕೆ ವಾಂತಿಯಾಗಿದೆಯಂತೆ. ಟೀಚರಮ್ಮ ಫೋನು ಹಿಡಿದೇ ನನ್ನ ಮುಖ ನೋಡಿದರು. ಮೇಡಂ, ಕಾನ್‌ಸ್ಟೇಬಲ್, ಬರೆಯುತ್ತಿದ್ದವರು, ಎಲ್ಲರೂ ನೋಡಿದರು. ನುಂಗಿ ಎರಡು ಗಂಟೆಯೂ ಆಗಿಲ್ಲ, ಮಾತ್ರೆ ಹೊರಗೆ ಹೋಗಿರುತ್ತದೆ, ಇನ್ನೊಂದು ಕೊಡಲೇಬೇಕು ಎಂದೆ.

ಮೇಡಂ ಎದ್ದು, ಮುದ್ರೆ ಈಗಲೇ ಒಡೆಸುತ್ತೇನೆ ಎಂದರು. ಆಮೇಲೆ ಸ್ವಲ್ಪ ಯೋಚಿಸಿ, “ಬೇಕಿದ್ರೆ ನಮ್ಮ ಕಾನ್‌ಸ್ಟೇಬಲ್ ನಿಮ್ಮನ್ನ ಮತ್ತೆ ಕಟ್ಟಿಹಾಕ್ತಾರೆ. ಸರ್ಕಾರಿ ಗಂಟು, ಬಿಗಿಯಾಗೇ ಇರುತ್ತೆ” ಎಂದರು. ತಮಾಷೆಗೆ ಹೇಳಿದ್ದಲ್ಲ, ನನಗೆ ಅನುಕೂಲವಾಗಲೆಂದೇ ಹೇಳಿದ್ದು. ಕಾನ್‌ಸ್ಟೇಬಲ್ ಆಗಲೇ ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದರು.

ನಾನು ಬೇಡ ಎಂದೆ. ನನ್ನ ನಂಬಿಕೆ ಬದಲಾಗಿಲ್ಲ. ಆದರೆ ಕಟ್ಟಿಸಿಕೊಂಡು ಕೂತಿದ್ದ ಅಷ್ಟು ಹೊತ್ತೂ ನಾನು ಪ್ರಾರ್ಥನೆ ಮಾಡಲಿಲ್ಲ. ಗೋಡೆಯ ಗಡಿಯಾರ ನೋಡುತ್ತಾ, ಟ್ಯಾಕ್ಸಿ ಈಗ ಎಲ್ಲಿರಬಹುದು, ಆ ಹುಡುಗಿ ನುಂಗಿದಳೋ ಇಲ್ಲವೋ ಎಂದು ಎಣಿಸುತ್ತಿದ್ದೆ. ಅವಳು ನುಂಗುವುದು ಬೇಡ ಎನ್ನುವವನು ಹಾಗೆ ಎಣಿಸುವುದಿಲ್ಲ.

5:45ಕ್ಕೆ ಅಂಗಡಿ ತೆರೆದರು. ಡಾಕ್ಟರಿಗೆ ಫೋನು ಮಾಡಿ, ವಾಂತಿ ನಿಲ್ಲುವ ಮಾತ್ರೆಯನ್ನು ಅರ್ಧ ಗಂಟೆ ಮೊದಲು ಕೊಡಬಹುದೆಂದು ಖಚಿತಪಡಿಸಿಕೊಂಡೆ. ಎರಡನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಹಾಕಿ, ಮೇಲೆ ದೊಡ್ಡ ಅಕ್ಷರದಲ್ಲಿ ‘ಮೊದಲು’ ‘ಆಮೇಲೆ’ ಎಂದು ಬರೆದು, ನನ್ನ ಕೈಯಿಂದಲೇ ಟೀಚರಮ್ಮನಿಗೆ ಕೊಟ್ಟೆ. ಅವರು ಅಲ್ಲಿಯವರೆಗೆ ಕಣ್ಣೀರು ಹಾಕಿರಲಿಲ್ಲ. ಪೊಟ್ಟಣ ಹಿಡಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಜೀಪಿನಲ್ಲೇ ಅವರನ್ನು ಹನ್ನೊಂದು ಕಿಲೋಮೀಟರ್ ದೂರದ ಮನೆಗೆ ಬಿಟ್ಟುಬಂದರು.

ಇಂದು ಬೆಳಿಗ್ಗೆ 7 ಗಂಟೆಗೆ ಆ ಹುಡುಗಿಯೇ ಫೋನು ಮಾಡಿ, ಮಾತ್ರೆ ಹೊಟ್ಟೆಯಲ್ಲೇ ನಿಂತಿತೆಂದೂ, ಮೂರು ರಾತ್ರಿಗಳ ನಂತರ ನಿದ್ದೆ ಬಂತೆಂದೂ ಹೇಳಿದಳು. 8 ಗಂಟೆಗೆ ಗುರುಗಳ ಬಳಿ ಹೋಗಿ ಹರಕೆ ಮುರಿದೆ ಎಂದು ಒಪ್ಪಿಕೊಂಡೆ. ಅವರು ಬಹಳ ಹೊತ್ತು ಗಡ್ಡ ನೀವಿಕೊಂಡು, ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ಅವರು ಏನು ಹೇಳಿದರೂ ಅದು ನನಗೂ ಮೇಲಿನವನಿಗೂ ಸಂಬಂಧಿಸಿದ್ದು, ಠಾಣೆಗಲ್ಲ. ಟೀಚರಮ್ಮನ ಮೇಲೆ ನನ್ನ ದೂರು ಏನೂ ಇಲ್ಲ. ಕುರ್ಚಿಯನ್ನು ವಾಪಸು ಕೊಡಿಸಬೇಕೆಂದು ಕೋರುತ್ತೇನೆ.

ಈ ಹೇಳಿಕೆಯನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸಹಿ ಮಾಡುವಾಗ ನನ್ನ ಎರಡೂ ಕೈಗಳು ಬಿಚ್ಚಿದ್ದವು.

ಸ್ಥಳ: ಠಾಣೆಯ ಮುಂಭಾಗದ ಕೋಣೆ
ದಿನ: ಗುರುವಾರ, ಬೆಳಿಗ್ಗೆ 10:40

(ಸಹಿ)
ಔಷಧ ಅಂಗಡಿಯವರು